ಆಕಾಶಕ್ಕೆ ಹೋದ ಬೀಸುಕಲ್ಲು

ಬಾಗಿಲಿಗೆ ನೀರು ಹಾಕಿ ರಂಗೋಲಿ ಎಳೆದದ್ದಾಯಿತು. ಹಾಲು ಕರೆದದ್ದಾಯಿತು, ಕರು ಕುಡಿದದ್ದು ಹೆಚ್ಚು, ಚೊಂಬಿಗೆ ಬಿದ್ದದ್ದು ಕಡಿಮೆ. ಅತ್ತೆಯ ಮಂಡಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿದ್ದಾಯಿತು. ಅವರೆಕಾಯಿ ಸುಲಿದದ್ದಾಯಿತು. ಸೀಮೆಎಣ್ಣೆಯ ಚೀಟಿ ಹಿಡಿದುಕೊಂಡು ಅಂಗಡಿಯ ಮುಂದೆ ನಿಂತು, ಎಣ್ಣೆ ಬಂದಿಲ್ಲವೆಂಬ ಮಾತು ಕೇಳಿಕೊಂಡು ವಾಪಸು ಬಂದದ್ದಾಯಿತು. ಯುದ್ಧ ಮುಗಿಯಿತೆಂದು ಎಲ್ಲರೂ ಹೇಳುತ್ತಾರೆ. ಎಣ್ಣೆಯವನಿಗೆ ಮಾತ್ರ ಯಾರೂ ಹೇಳಿದ ಹಾಗಿಲ್ಲ. ಮಧ್ಯಾಹ್ನ ಕಲ್ಲು ಕುಟ್ಟುವ ಹೆಂಗಸು ಬೀದಿಯಲ್ಲಿ ಕೂಗಿಕೊಂಡು ಬಂದಳು. ಅವಳನ್ನು ಕರೆದು ಬೀಸುಕಲ್ಲಿಗೆ ಹಲ್ಲು ಕುಟ್ಟಿಸಿದ್ದಾಯಿತು.

ಕಲ್ಲು ಸವೆದು ನುಣ್ಣಗಾಗಿತ್ತು. ರಾಗಿ ಒಳಕ್ಕೆ ಹೋದದ್ದು ಹೋದ ಹಾಗೆಯೇ ಹೊರಗೆ ಬರುತ್ತಿತ್ತು, ಯಾರನ್ನೋ ಮಾತಾಡಿಸಿಕೊಂಡು ಬಂದ ಹಾಗೆ. ಮದ್ದೂರಿಗೆ ಕರೆಂಟಿನ ಮಿಲ್ಲು ಬಂದಿದೆ, ಆದರೆ ಮಿಲ್ಲಿನ ಹಿಟ್ಟು ಮೈಗೆ ಕಾವು ಎಂದು ಅತ್ತೆಯ ತೀರ್ಮಾನ. ಆದ್ದರಿಂದ ಮೇಲ್ಗಲ್ಲನ್ನು ಗೂಟದಿಂದ ಬಿಡಿಸಿ, ನಾನೊಬ್ಬಳೇ ಎತ್ತಿ ಜಗಲಿಗೆ ತಂದೆ. ಹೊಸದಾಗಿ ಮದುವೆಯಾಗಿ ಬಂದಾಗ ಇದನ್ನು ಒಂದೇ ಕೈಯಲ್ಲಿ ಎತ್ತುತ್ತಿದ್ದೆ ಎಂದು ಬರೆದುಕೊಳ್ಳುವ ಆಸೆಯೇನೋ ಇದೆ. ಆದರೆ ಅತ್ತೆ ಇನ್ನೂ ಇದ್ದಾರೆ, ಅವರಿಗೆ ನೆನಪೂ ಚೆನ್ನಾಗಿದೆ.

ಕಲ್ಲು ಜಗಲಿಯ ಮೇಲಿದ್ದಾಗಲೇ ನನ್ನ ಮೈದುನನ ಮಗಳು ಗುಂಡಮ್ಮ ಸ್ಕೂಲಿನಿಂದ ಹಿತ್ತಿಲ ಬಾಗಿಲಲ್ಲಿ ಒಳಗೆ ಬಂದಳು. ಮೂಲೆಯಲ್ಲಿ ಕೆಳಗಿನ ಕಲ್ಲೊಂದೇ ಗೂಟ ಎತ್ತಿಕೊಂಡು ಕೂತಿರುವುದನ್ನು ನೋಡಿದಳು. ಚೀಲ ಹಾಕಿದಳು, ಹಿತ್ತಿಲಿಗೆ ಓಡಿದಳು, ತಲೆಯೆತ್ತಿ ಆಕಾಶ ನೋಡಿದಳು.

"ದೊಡ್ಡವ್ವ, ನಮ್ದೂ ಓಯ್ತಾ?" ಎಂದಳು.

ಬೇರೆ ಮನೆಯ ಮಕ್ಕಳು ಕಾಣದ ಸಾಮಾನನ್ನು ಅಟ್ಟದಲ್ಲೋ ಮಂಚದ ಕೆಳಗೋ ಹುಡುಕುತ್ತಾರೆ. ನಮ್ಮ ಮನೆಯ ಮಗು ಬೀಸುಕಲ್ಲನ್ನು ಆಕಾಶದಲ್ಲಿ ಹುಡುಕಿತು. ಇದರಲ್ಲಿ ಮಗುವಿನ ತಪ್ಪೇನೂ ಇಲ್ಲ.

ಗುಂಡಮ್ಮ ಹುಟ್ಟುವ ಮುಂಚಿನ ಮಾತು. ಅವಳ ತಾಯಿ ತಾಯಮ್ಮ ನನ್ನ ವಾರಗಿತ್ತಿ, ಮಳವಳ್ಳಿ ಕಡೆಯವಳು. ಎರಡು ಸಲ ಬಸಿರಾಗಿ, ಎರಡು ಸಲವೂ ನಿಲ್ಲದೆ ಹೋಗಿತ್ತು. ಮೂರನೆಯದು ನಿಂತಾಗ ಮಂಡ್ಯದಿಂದ ಲೇಡಿ ಡಾಕ್ಟರನ್ನು ಕರೆಸಿದೆವು. ಅವರು ನೋಡಿ, ಹೆರಿಗೆಯಾಗುವ ತನಕ ಹಾಸಿಗೆ ಬಿಟ್ಟು ಏಳಕೂಡದು, ಮಳವಳ್ಳಿಯ ಬಸ್ಸಿನ ಮಾತನ್ನಂತೂ ಆಡಲೇ ಕೂಡದು ಎಂದರು. ಹೋಗುವಾಗ ನನ್ನನ್ನು ಪಕ್ಕಕ್ಕೆ ಕರೆದು, ಇದೂ ಹೋದರೆ ಇನ್ನೊಂದರ ಆಸೆ ಇಟ್ಟುಕೊಳ್ಳಬೇಡಿ ಎಂದರು. ತಾಯಮ್ಮನಿಗೆ ಅದು ಕೇಳಿಸಿತು. ಅವಳ ಕಿವಿ ಚುರುಕು.

ನಡುಮನೆಯಲ್ಲಿ ಕಿಟಕಿಯ ಪಕ್ಕ ಮಂಚ ಹಾಕಿ, ಕಾಲಿನ ಕಡೆಗೆ ಇಟ್ಟಿಗೆ ಕೊಟ್ಟು ಎತ್ತರಿಸಿ ಅವಳನ್ನು ಮಲಗಿಸಿದೆವು. ಮಲಗಿಸಿದೆವು ಎನ್ನುವುದು ಸುಲಭ. ತಾಯಮ್ಮ ಹಗಲು ಮಲಗಿದ್ದನ್ನು ಅವಳ ತವರಿನವರೂ ನೋಡಿರಲಿಲ್ಲ, ನಾವೂ ನೋಡಿರಲಿಲ್ಲ. ಮಲಗಿದಲ್ಲಿಂದಲೇ ಮನೆ ನಡೆಸತೊಡಗಿದಳು. "ಅಕ್ಕ, ಒಲೆ ಮ್ಯಾಲೆ ಏನೋ ಸೀಯ್ತಾ ಐತೆ." "ಅಕ್ಕ, ಕರು ಹಗ್ಗ ಬಿಚ್ಕೊಂಡೈತೆ." "ಅಕ್ಕ, ಅತ್ತೆ ಮಜ್ಜಿಗೆಗೆ ಉಪ್ಪು ಹಾಕ್ನಿಲ್ಲ." ಮಜ್ಜಿಗೆಗೆ ಉಪ್ಪು ಬೀಳದ ಸದ್ದು ಅಷ್ಟು ದೂರ ಹೇಗೆ ಕೇಳುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಅತ್ತೆಗೆ ಈ ಮಲಗುವ ವೈದ್ಯ ಹಿಡಿಸಿರಲಿಲ್ಲ. "ನಾವೇನು ಮಲಕ್ಕೊಂಡು ಹೆತ್ವಾ? ಕಳೆ ಕೀಳ್ತಾ ಕೀಳ್ತಾ ಹೆತ್ತು ಬಂದೋ" ಎನ್ನುತ್ತಿದ್ದರು. ಆದರೆ ಬೆಳಿಗ್ಗೆ ಎದ್ದ ತಕ್ಷಣ ಮಂಚದ ಕೆಳಗಿನ ಇಟ್ಟಿಗೆ ಅಲುಗಾಡಿಸಿ, ಭದ್ರವಾಗಿದೆಯೇ ಎಂದು ನೋಡುತ್ತಿದ್ದವರೂ ಅವರೇ.

ಒಂದು ದಿನ ನಾನು ಹೊಳೆಯಿಂದ ಬಟ್ಟೆ ಒಗೆದುಕೊಂಡು ಬರುವಾಗ ತಾಯಮ್ಮ ಕೊಟ್ಟಿಗೆಯಲ್ಲಿ ಗೋಡೆ ಹಿಡಿದುಕೊಂಡು ನಿಂತಿದ್ದಳು. ಹಸುವಿಗೆ ನೀರಿಟ್ಟಿರಲಿಲ್ಲವಂತೆ. ನಾನು ಅವಳನ್ನು ಬೈದೆ. ಅತ್ತೆ ನನ್ನನ್ನು ಬೈದರು. ಹಸು ಯಾರಿಗೂ ಏನೂ ಅನ್ನಲಿಲ್ಲ.

ಅವತ್ತು ಸಂಜೆ ನನ್ನ ಮೈದುನ ಚನ್ನಪ್ಪ ಮಂಡ್ಯದ ರೈಲಿನಿಂದ ಇಳಿದು ಬಂದಾಗ ಸಂಗತಿ ಹೇಳಿದೆವು. ಅವನು ಅಲ್ಲಿ ಉಗಿ ಇಂಜಿನ್ನಿಗೆ ಎಣ್ಣೆ ಬಿಡುವ ಕೆಲಸದವನು. ದಿನವೆಲ್ಲ ಇಂಜಿನ್ನಿನ ಸದ್ದಿನಲ್ಲಿದ್ದು ಮಾತಿನ ಅಭ್ಯಾಸ ತಪ್ಪಿದ ಮನುಷ್ಯ. ಮಂಚದ ಕಾಲ ಬಳಿ ಕೂತು ಬಹಳ ಹೊತ್ತು ತನ್ನ ಕೈ ನೋಡಿಕೊಂಡ. ಆಮೇಲೆ ಕೊಡೆ ಎರವಲು ಕೇಳುವವನ ಹಾಗೆ ಕೇಳಿದ:

"ಒಂದು ಕತೆ ಯೋಳ್ಲಾ?"

"ನಿಮಗೆ ಕತೆ ಬತ್ತದಾ?"

"ಬರಕ್ಕಿಲ್ಲ."

ಆ ಹೊತ್ತಿಗೆ ಬೆಂಗಳೂರಿನ ಕಡೆಗೆ ಒಂದು ವಿಮಾನ ಹೋಯಿತು. ಯುದ್ಧದ ಕಾಲವಲ್ಲವೆ, ಆಗಾಗ ಹೋಗುತ್ತಿದ್ದವು. ಚನ್ನಪ್ಪ ಸೂರಿನ ಕಡೆ ಬೆರಳು ಮಾಡಿದ.

"ಅದು ಓಯ್ತಾ ಐತಲ್ಲ, ಅದಕ್ಕಿಂತ ಮ್ಯಾಲೆ ಇನ್ನೊಂದು ಓಯ್ತಾ ಐತೆ."

"ಯಾವುದು?"

"ಹಡಗು. ಆಕಾಸದ್ದು."

"ಎಲ್ಲಿಗೆ?"

"ಯುದ್ಧಕ್ಕೆ. ಕೆಂಪು ಚುಕ್ಕೆಯೋರ ಮ್ಯಾಲೆ."

ಏಳಲೆಂದು ಮೊಣಕೈ ಊರಿದ್ದ ತಾಯಮ್ಮ ಮತ್ತೆ ದಿಂಬಿಗೆ ತಲೆ ಕೊಟ್ಟಳು. "ಅದು ಯಾತರ ಮ್ಯಾಲೆ ಓಡ್ತದೆ?" ಎಂದಳು.

ನನ್ನ ಅಜ್ಜಿಯೂ ಕತೆ ಹೇಳುತ್ತಿದ್ದಳು, ಆತಗೂರಿನ ಮನೆಯ ಹಿತ್ತಿಲಲ್ಲಿ, ನನ್ನ ತಲೆಯ ಹೇನು ತೆಗೆಯುತ್ತ. ರಾಜಕುಮಾರ ಕುದುರೆ ಹತ್ತಿ ಏಳು ಸಮುದ್ರ ದಾಟುತ್ತಿದ್ದ. ಕುದುರೆಗೆ ಸಮುದ್ರದಲ್ಲಿ ಹುಲ್ಲೆಲ್ಲಿ ಎಂದು ನಾನು ಒಮ್ಮೆ ಕೇಳಿ, ಬಾಚಣಿಗೆಯಿಂದ ತಲೆಗೆ ಒಂದು ಬಿಗಿಸಿಕೊಂಡಿದ್ದೆ. ಅಲ್ಲಿಂದ ಮುಂದೆ ನಾನು ಕತೆಗೆ ಹೂಂಗುಟ್ಟುವವಳಾದೆ. ತಾಯಮ್ಮನಿಗೆ ಬಾಲ್ಯದಲ್ಲಿ ಅಂಥ ಬಾಚಣಿಗೆ ಸಿಕ್ಕಿರಲಿಲ್ಲ.

ಚನ್ನಪ್ಪ ಉತ್ತರಕ್ಕಾಗಿ ಸುತ್ತಲೂ ನೋಡಿದ. ಕಿಟಕಿಯಾಚೆ, ಬೀದಿಯ ಎದುರು ಬದಿಯಲ್ಲಿ ಬುಡೇನ್ ಸಾಬರ ಅಂಗಡಿ. ಗ್ಯಾಸ್‌ಲೈಟು ರಿಪೇರಿ, ಮದುವೆಗೆ ದೀಪದ ಬಾಡಿಗೆ, ಸೈಕಲ್ಲಿಗೆ ಗಾಳಿ. ಸಾಬರು ಒಂದು ಲೈಟಿಗೆ ಪಂಪು ಹೊಡೆಯುತ್ತ ಕೂತಿದ್ದರು.

"ಗ್ಯಾಸ್‌ಲೈಟಿನ ಮ್ಯಾಲೆ" ಎಂದ ಚನ್ನಪ್ಪ.

ಕತೆಯ ಕಾಯಿದೆಗಳೆಲ್ಲ ಆ ಒಂದು ಮಾತಿನಿಂದ ಹುಟ್ಟಿದವು. ಮನೆಗೆ ಕರೆಂಟು ಹಾಕಿಸಿಕೊಂಡು ಗ್ಯಾಸ್‌ಲೈಟನ್ನು ಮರೆತವರಿಗಾಗಿ ಹೇಳುತ್ತೇನೆ. ಕೆಳಗೆ ಸೀಮೆಎಣ್ಣೆಯ ಹೊಟ್ಟೆ. ಅದಕ್ಕೆ ಕೈಪಂಪಿನಿಂದ ಗಾಳಿ ಒತ್ತಬೇಕು. ಗಾಳಿ ಎಣ್ಣೆಯನ್ನು ಮೇಲಕ್ಕೆ ತಳ್ಳುತ್ತದೆ, ಅದು ಆವಿಯಾಗಿ ಮ್ಯಾಂಟಲ್ ಎಂಬ ಪುಟ್ಟ ಬಟ್ಟೆಯ ಬಲೆಯಲ್ಲಿ ಉರಿಯುತ್ತದೆ. ಹಡಗೂ ಹಾಗೆಯೇ. ಗಾಳಿಯ ಒತ್ತಡದಿಂದಲೇ ಓಡುವುದು, ಅದೇ ಒತ್ತಡದಿಂದಲೇ ಶತ್ರುವಿನ ಮೇಲೆ ಬೆಂಕಿ ಉಗುಳುವುದು. ಬೆಂಕಿ ಉಗುಳಿದರೆ ಓಟ ಕಡಿಮೆ, ಓಡಿದರೆ ಬೆಂಕಿ ಕಡಿಮೆ. ಎರಡೂ ಬೇಕೆಂದರೆ ಪಂಪು ಹೊಡೆಯಬೇಕು, ಪಂಪು ಹೊಡೆಯುವವನು ಬೇರೇನೂ ಮಾಡುವ ಹಾಗಿಲ್ಲ. ಹಡಗಿನ ಸುತ್ತ ಮ್ಯಾಂಟಲ್ಲಿನಂಥ ಒಂದು ಬಲೆ, ಶತ್ರುವಿನ ಬೆಂಕಿ ತಡೆಯಲಿಕ್ಕೆ. ನಾವು ಬೆಂಕಿ ಬಿಡಲು ಬಲೆಗೆ ಒಂದು ಬಾಯಿ. ಕೆಂಪು ಚುಕ್ಕೆಯವರ ಹಡಗಿಗೂ ಇದೇ ಏರ್ಪಾಡು.

ತಾಯಮ್ಮ ಎಲ್ಲ ಕೇಳಿಸಿಕೊಂಡಳು. "ಸರಿ. ನಾನು ಮಲಕ್ಕೊಂಡಿರ್ತೀನಿ. ಆದ್ರೆ ಒಂದು ಮಾತು. ಕತೇಲಿ ಮೋಸ ಕಂಡ ದಿನ ಎದ್ದೋಯ್ತೀನಿ."

"ಕತೆ ಅಂದ್ಮ್ಯಾಲೆ ಸುಳ್ಳೇ ಅಲ್ವೇನೆ?" ಎಂದೆ ನಾನು.

"ಕತೆ ಸುಳ್ಳಾಗಿರ್ಲಿ ಕಣಕ್ಕ. ಕತೆಯೊಳಗೆ ಸುಳ್ಳಿರಬಾರ್ದು."

ಮಾತೆಂದರೆ ಮಾತು, ತಾಯಮ್ಮ ಅಂಥವಳು. ಅವಳು ಎದ್ದರೆ ಏನಾಗುತ್ತದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಹೀಗೆ ಇನ್ನೂ ಹುಟ್ಟದ ಒಂದು ಮಗು, ಹುಟ್ಟಾ ಸುಳ್ಳು ಹೇಳಿ ಗೊತ್ತಿಲ್ಲದ ಒಬ್ಬ ಮನುಷ್ಯನ ಕತೆಗೆ ಜೋತುಬಿತ್ತು.

ಮೊದಲ ಆಪತ್ತು ಬೇಗನೆ ಬಂತು. ಮ್ಯಾಂಟಲ್ಲಿನ ಸ್ವಭಾವ ನಿಮಗೆ ಗೊತ್ತಿರಬಹುದು. ಒಮ್ಮೆ ಉರಿದ ಮೇಲೆ ಅದು ಬರೀ ಬೂದಿ. ಎಂಥ ಉರಿಯನ್ನೂ ತಡೆಯುತ್ತದೆ, ಬೆರಳು ಸೋಕಿದರೆ ಉದುರುತ್ತದೆ. ನಾನು ಹುಡುಗಿಯಾಗಿದ್ದಾಗ ಚಿಕ್ಕಮ್ಮನ ಮದುವೆಯಲ್ಲಿ, ಆರಿದ್ದ ಗ್ಯಾಸ್‌ಲೈಟಿನೊಳಗೆ ಬಿಳಿಯ ಮೊಟ್ಟೆಯಂತೆ ತೂಗುತ್ತಿದ್ದದ್ದನ್ನು ನೋಡಿ, ಮುದ್ದು ಬಂದು ಮುಟ್ಟಿದ್ದೆ. ಆ ಮದುವೆಯ ಧಾರೆ ಕತ್ತಲಲ್ಲಿ ಆಯಿತು. ಚಿಕ್ಕಮ್ಮ ಇವತ್ತಿಗೂ ಗಂಡನ ಜೊತೆ ಜಗಳವಾಡಿದಾಗಲೆಲ್ಲ ನನ್ನನ್ನು ನೆನೆಸಿಕೊಳ್ಳುತ್ತಾಳೆ, ಮುಖ ಸರಿಯಾಗಿ ನೋಡಲಿಲ್ಲವಂತೆ.

ತಾಯಮ್ಮ ಕೇಳಿದಳು: "ಬಲೆ ಬೆಂಕಿ ತಡೀತದೆ. ಮುಟ್ಟಿದ್ರೆ ಉದುರ್ತದೆ. ಅಂಗಾದ್ರೆ ಬೆಂಕಿ ಯಾಕೆ ಬುಡ್ತಾರೆ? ಒಂದು ಕಲ್ಲು ಬೀಸಿ ಒಗೀಬಾರ್ದಾ?"

ಚನ್ನಪ್ಪ ಬೀಡಿ ತರುತ್ತೇನೆಂದು ಎದ್ದ. ಅವನಿಗೆ ಬೀಡಿಯ ಅಭ್ಯಾಸವಿಲ್ಲ. ಕಿಟಕಿಯಲ್ಲಿ ನಮಗೆಲ್ಲ ಕಾಣುವ ಹಾಗೆಯೇ ಬೀದಿ ದಾಟಿ ಬುಡೇನ್ ಸಾಬರ ಮುಂದೆ ಕುಕ್ಕರುಗಾಲಲ್ಲಿ ಕೂತ. ಸೀಮೆಎಣ್ಣೆಯಿಲ್ಲದೆ ಸಾಬರಿಗೂ ಆಗ ಬಾಡಿಗೆಯಿರಲಿಲ್ಲ, ಯೋಚನೆ ಮಾಡಲು ಬೇಕಾದಷ್ಟು ಬಿಡುವಿತ್ತು. ಇಬ್ಬರೂ ಸೀಮೆಸುಣ್ಣದಲ್ಲಿ ನೆಲದ ಮೇಲೆ ಏನೇನೋ ಗೀಚಿದರು. ಮೀಸೆ ಬಂದ ಇಬ್ಬರು ಗಂಡಸರು ಹಾಗೆ ಕೂತಿದ್ದನ್ನು ನೋಡಿದವರು ಜಮೀನಿನ ಹದ್ದಿನ ವ್ಯಾಜ್ಯವೆಂದುಕೊಂಡಿರಬೇಕು.

ಚನ್ನಪ್ಪ ಹಿಂದಿರುಗಿ ಬಂದು ಹೇಳಿದ: "ಮ್ಯಾಲೆ ಕಲ್ಲಿಲ್ಲ."

"ಯಾಕಿಲ್ಲ?"

"ನೆಲವೇ ಇಲ್ವಲ್ಲ. ಕಲ್ಲೆಲ್ಲಿಂದ ಬತ್ತದೆ?"

ತಾಯಮ್ಮ ಸ್ವಲ್ಪ ಹೊತ್ತು ಸೂರು ನೋಡಿದಳು. "ಆಯ್ತು" ಎಂದಳು. ಎದುರಂಗಡಿಯಿಂದ ಸಾಬರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಾನು ಕಿಟಕಿಯಿಂದ ತಲೆಯಾಡಿಸಿದೆ. ಅವರು ಪಂಪು ಕೈಗೆತ್ತಿಕೊಂಡರು.

ಅಲ್ಲಿಂದ ಮುಂದೆ ಇದೇ ಪದ್ಧತಿಯಾಯಿತು. ಸಂಜೆ ಕತೆ, ಪ್ರಶ್ನೆ, ಬೀಡಿ. ಹಡಗಿನವರು ಉಸಿರಾಡುವುದೇನನ್ನು? ಟ್ಯೂಬಿನಲ್ಲಿ ತುಂಬಿಕೊಂಡು ಹೋದ ಗಾಳಿಯನ್ನು. ಪಂಪು ನಿಲ್ಲಿಸಿದರೆ ಹಡಗು ನಿಲ್ಲುವುದಿಲ್ಲವೆ? ನಿಲ್ಲುವುದಿಲ್ಲ, ಅಡ್ಡ ಬರಲು ಅಲ್ಲಿ ಗಾಳಿಯಿಲ್ಲ, ನೀರಿಲ್ಲ, ಒಮ್ಮೆ ತಳ್ಳಿದ್ದು ಹೋಗುತ್ತಲೇ ಇರುತ್ತದೆ. ಇದನ್ನು ಒಪ್ಪಲು ತಾಯಮ್ಮನಿಗೆ ಎರಡು ಸಂಜೆ ಬೇಕಾಯಿತು. ಕೊನೆಗೆ ಶಿಂಷಾ ಹೊಳೆಯಲ್ಲಿ ಹರಿಗೋಲಿನಿಂದ ದಡಕ್ಕೆ ಹಾರಿದಾಗ ಹರಿಗೋಲು ಹಿಂದಕ್ಕೆ ಜಾರಿ ಹೋದದ್ದನ್ನು ನೆನೆಸಿಕೊಂಡು ಒಪ್ಪಿದಳು.

ಅತ್ತೆ ಮೂಲೆಯಲ್ಲಿ ರಾಗಿ ಬೀಸುತ್ತ ಕೂತಿರುತ್ತಿದ್ದರು. ಕತೆ ಕೇಳುತ್ತಿರಲಿಲ್ಲ, ಹಾಗೆಂದು ಅವರೇ ಹೇಳಿದ್ದರು. ಆದರೂ ಒಮ್ಮೊಮ್ಮೆ ಕಲ್ಲಿನ ಸದ್ದು ನಿಲ್ಲುತ್ತಿತ್ತು.

"ಲೋ ಚನ್ನ, ಯಾತಕ್ಲಾ ಜಗಳ ಅವರಿಗೆ?"

"ನೀರಿಗೆ ಕಣವ್ವ. ಕೆಂಪು ಚುಕ್ಕೆಯೋರು ನಾಲೆಗೆ ಕಟ್ಟೆ ಹಾಕ್ಬುಟ್ಟವ್ರೆ."

"ಅಂಗೆ ಯೋಳು" ಎಂದು ಮತ್ತೆ ಬೀಸತೊಡಗಿದರು. ನಮ್ಮ ಸೀಮೆಯಲ್ಲಿ ಅದಕ್ಕಿಂತ ಹೆಚ್ಚಿನ ವಿವರಣೆ ಯಾರಿಗೂ ಬೇಕಾಗುವುದಿಲ್ಲ.

ಇನ್ನೊಂದು ಸಂಜೆ: "ಉಣ್ಣೋದೇನ್ಲಾ ಅವ್ರು?"

"ಮುದ್ದೆ."

"ಮುದ್ದೆಗೆ ಇಟ್ಟು?"

"ತಕ್ಕೊಂಡೋಗವ್ರೆ."

"ಎಷ್ಟು ತಿಂಗಳಿಂದ ಓಯ್ತಾ ಅವ್ರೆ! ಇಟ್ಟು ಉಳು ಬೀಳಲ್ವಾ? ರಾಗಿ ತಕ್ಕೊಂಡೋಗ್ಬೇಕು, ಬೇಕಾದಂಗೆ ಬೀಸ್ಕೋಬೇಕು."

"ಸರಿ, ರಾಗಿ."

"ಬೀಸೋ ಕಲ್ಲು?"

ಚನ್ನಪ್ಪ ತಾಯಮ್ಮನ ಮುಖ ನೋಡಿದ. ಅವಳ ಮುಖದಲ್ಲಿ ಅತ್ತೆಯ ಮಾತಿಗೆ ಪೂರ್ತಿ ಒಪ್ಪಿಗೆಯಿತ್ತು. ಹೀಗೆ ಆಕಾಶದ ಹಡಗಿಗೆ ಒಂದು ಬೀಸುಕಲ್ಲು ಹತ್ತಿತು. ಅವತ್ತು ಎಲ್ಲರಿಗೂ ಅದು ಅಡುಗೆಮನೆಯ ಸಂಗತಿಯಾಗಿಯೇ ಕಂಡಿತು, ಯುದ್ಧದ ಸಂಗತಿಯಾಗಿ ಕಾಣಲಿಲ್ಲ.

ದಿನ ತುಂಬುತ್ತ ಬಂದ ಹಾಗೆ ಕತೆಯೂ ಬಿಗಿಯಾಯಿತು. ಕತೆ ಹೇಳುವವರಿಗೆ ತಾವೇ ಹಾಕಿದ ಗಂಟಿನಲ್ಲಿ ಸಿಕ್ಕಿಕೊಳ್ಳುವ ಚಪಲವಿರುತ್ತದೆಂದು ಕಾಣುತ್ತದೆ; ಚನ್ನಪ್ಪನಿಗೂ ಅಷ್ಟರಲ್ಲಿ ಆ ಚಪಲ ಹತ್ತಿತ್ತು. ಒಂದು ಸಂಜೆ ನಮ್ಮ ಹಡಗಿನವನೊಬ್ಬ ಆಕಳಿಸುತ್ತ ಮೈ ಮುರಿದ. ಕೈ ತಗುಲಿ ನಮ್ಮ ಬಲೆಯೆಲ್ಲ ಬೂದಿಯಾಯಿತು. ಮಾರನೆಯ ಸಂಜೆ ಶತ್ರುವನ್ನು ಹೆದರಿಸಲು ಇದ್ದ ಒತ್ತಡವನ್ನೆಲ್ಲ ಬೆಂಕಿ ಮಾಡಿ ಉಗುಳಿದರು, ಹೊಟ್ಟೆ ಬರಿದಾಯಿತು. ಕೆಂಪು ಚುಕ್ಕೆಯವರ ಹಡಗು ಬಲೆ ತೊಟ್ಟುಕೊಂಡು, ಹೊಟ್ಟೆ ತುಂಬ ಗಾಳಿ ತುಂಬಿಕೊಂಡು ಎದುರಿಗೆ ಬಂದು ನಿಂತಿತು. ನಮ್ಮವರು ಪಂಪಿಗೆ ಕೈ ಹಾಕಿ ಒತ್ತಡ ಏರಿಸುವಷ್ಟರಲ್ಲಿ ಅವರು ಸುಟ್ಟುಬಿಡುತ್ತಾರೆ.

"ಆಮೇಲೆ?" ಎಂದಳು ತಾಯಮ್ಮ.

"ಆಮೇಲೆ ನಾಳೆ."

ನಾಳೆ ಅವನಿಗೂ ಗೊತ್ತಿರಲಿಲ್ಲ. ಮಾರನೆಯ ದಿನ ನಾನು ಬತ್ತಿ ಕೊಳ್ಳಲು ಸಾಬರ ಅಂಗಡಿಗೆ ಹೋದಾಗ ನೆಲವೆಲ್ಲ ಸೀಮೆಸುಣ್ಣ, ಇಬ್ಬರ ಮುಖವೂ ಸಾವಿನ ಮನೆಯವರ ಹಾಗೆ.

"ದೇವ್ರು ಕಾಪಾಡ್ದ ಅಂತ ಯೋಳ್ಬುಡು ಕಣ್ಲಾ" ಎಂದರು ಸಾಬರು.

"ದೇವ್ರು ಇಲ್ಲೀಗಂಟ ಕತೇಲಿ ಇರ್ನಿಲ್ವಲ್ಲ ಸಾಬ್ರೆ. ಈಗ ಕರ್ಕೊಂಬಂದ್ರೆ, ಇಷ್ಟು ದಿನ ಎಲ್ಲೋಗಿದ್ದ ಅಂತಾಳೆ."

"ಅರೆ, ಕೇಳ್ತಾಳೆ, ಕೇಳ್ತಾಳೆ" ಎಂದು ಸಾಬರು ಗಡ್ಡ ಸವರಿಕೊಂಡರು. "ಎರಡು ವರ್ಸದಿಂದ ನಾನೂ ಅದ್ನೇ ಕೇಳ್ತಾ ಇವ್ನಿ, ಸೀಮೆಎಣ್ಣೆಗೆ."

ಆ ವಾರ ತಾಯಮ್ಮನಿಗೆ ಸೊಂಟದಲ್ಲಿ ನೋವು ಕಾಣಿಸಿಕೊಂಡು, ಲೇಡಿ ಡಾಕ್ಟರು ಮತ್ತೆ ಬಂದು, ಇನ್ನು ಸ್ವಲ್ಪ ದಿನ ಕಾಲು ನೆಲಕ್ಕೆ ತಾಕಿಸಿದರೂ ಕಷ್ಟ ಎಂದು ಹೇಳಿ ಹೋಗಿದ್ದರು. ಚನ್ನಪ್ಪ ಮನೆಗೆ ತಡವಾಗಿ ಬರತೊಡಗಿದ. ರೈಲು ತಡ ಎಂದ. "ರೈಲು ಬಂದಿದ್ದು ನಂಗೆ ಕೇಳುಸ್ತು" ಎಂದಳು ಮಲಗಿದ್ದವಳು. ಎರಡು ಸಂಜೆ ಹೀಗೆ ತಪ್ಪಿಸಿಕೊಂಡ. ಮೂರನೆಯ ಸಂಜೆ ಮಂಚದ ಬಳಿ ಕೂತು, ಯಾರ ಮುಖವನ್ನೂ ನೋಡದೆ ಹೇಳಿದ:

"ಹಡಗಿನ ಇಂದುಗಡೆ ಇನ್ನೊಂದು ಎಣ್ಣೆ ಡಬ್ಬ ಇತ್ತು. ಗಾಳಿ ತುಂಬಿದ್ದು."

ಮೂ‌ಲೆಯಲ್ಲಿ ಅತ್ತೆ ಬೀಸುತ್ತಲೇ ಇದ್ದರು.

"ಯಾವಾಗಿಂದ ಇತ್ತು?" ಎಂದಳು ತಾಯಮ್ಮ.

"ಮೊದಲಿಂದ."

"ಮೊದಲಿಂದ ಇದ್ದಿದ್ರೆ ಬಲೆ ಉದುರಿದ ದಿನವೇ ಓಡಿಹೋಯ್ತಿದ್ರು. ಯಾಕೆ ಓಡ್ನಿಲ್ಲ?"

ಅವನು ಮಂಚದ ಪಟ್ಟಿಯನ್ನು ಉಗುರಿನಿಂದ ಕೆರೆದ.

"ಮೋಸ ಅಲ್ವಾ ಇದು?"

ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯ ಎಂದೆನಲ್ಲ. "ಮೋಸ" ಎಂದ.

ತಾಯಮ್ಮ ಒಂದು ಕೈಯನ್ನು ಮಂಚದ ಪಟ್ಟಿಗೆ ಊರಿದಳು. ಕಾಲಿನ ಕಂಬಳಿ ಸರಿಸಿದಳು. ನಾನು ಓಡಿ ಹೋಗಿ ಭುಜ ಹಿಡಿದೆ. "ಬುಡಕ್ಕ, ಮಾತು ಮಾತೇ" ಎಂದಳು. ಚನ್ನಪ್ಪ ಗೋಡೆ ಕಡೆ ತಿರುಗಿಕೊಂಡು ನಿಂತ.

ಬೀಸುವ ಸದ್ದು ನಿಂತಿತು.

"ಲೋ, ಆ ಬೀಸೋ ಕಲ್ಲು ಏನಾಯ್ತ್ಲಾ?" ಎಂದರು ಅತ್ತೆ.

ಅತ್ತೆ ಕಲ್ಲಿನ ಬಾಯಿಗೆ ಇನ್ನೊಂದು ಹಿಡಿ ರಾಗಿ ಹಾಕಿದರು. "ಕಲ್ಲಿಲ್ಲ ಕಲ್ಲಿಲ್ಲ ಅಂತ ಬಡ್ಕೊಂಡ್ರಿ. ನಾನು ಹತ್ತಿಸಿದ್ದು ಬೆಲ್ಲದ ಅಚ್ಚಾ?"

ತಾಯಮ್ಮನ ಕೈ ಪಟ್ಟಿಯ ಮೇಲೆ ಹಾಗೆಯೇ ನಿಂತಿತು. ಅವಳ ಹುಬ್ಬು ಗಂಟಾಯಿತು. ಲೆಕ್ಕ ಹಾಕುತ್ತಿದ್ದಾಳೆಂದು ನನಗೆ ತಿಳಿಯಿತು. ಭುಜ ಬಿಡಲಿಲ್ಲ.

"ಮೇಲ್ಗಲ್ಲಾ, ಕೆಳಗಲ್ಲಾ?" ಎಂದಳು.

"ಮೇಲ್ಗಲ್ಲು" ಎಂದ ಚನ್ನಪ್ಪ, ಗೋಡೆಯಿಂದ ತಿರುಗದೆ.

"ಯಾರು ಎತ್ತಿದ್ರು?"

"ಇಬ್ರು."

"ಎಸೆದ್ರೆ ನಮ್ಮ ಹಡಗು ಹಿಂದಕ್ಕೆ ಜಾರಲ್ವಾ? ಹರಿಗೋಲಿನಂಗೆ?"

"ಜಾರ್ತದೆ."

"ಜಾರ್ಲಿ. ಜಾರಿದ್ರೆ ದೂರ ಆಯ್ತದೆ. ಒಳ್ಳೇದೇ." ಅವಳು ಕೈ ಸಡಿಲಿಸಿದಳು. ದಿಂಬಿಗೆ ತಲೆ ಕೊಟ್ಟಳು. "ಎಸೀರಿ ಮತ್ತೆ" ಎಂದಳು.

ಚನ್ನಪ್ಪ ಎಸೆದ. ಅವನು ಅಷ್ಟು ಮಾತಾಡಿದ್ದನ್ನು ನಾನು ಮುಂಚೆಯೂ ಕೇಳಿಲ್ಲ, ಆಮೇಲೆಯೂ ಕೇಳಿಲ್ಲ. ಮೇಲ್ಗಲ್ಲು ಗಿರ್ರನೆ ತಿರುಗುತ್ತ ಹೋಯಿತು. ಶತ್ರುವಿನ ಬಲೆಗೆ ತಗುಲಿತು. ಬಲೆ ಬೂದಿಯಾಗಿ ಉದುರಿತು. ಮ್ಯಾಂಟಲ್ಲಿಲ್ಲದ ಲೈಟಿನ ಹಾಗೆ ಅವರ ಉರಿ ಹಳದಿಗೆ ತಿರುಗಿ, ಭಗಭಗನೆ ಕುಣಿದು, ಬರೀ ಹೊಗೆ ಕಾರತೊಡಗಿತು. ಕೆಂಪು ಚುಕ್ಕೆಯವರು ಕೆಮ್ಮುತ್ತ ಹಿಂದಿರುಗಿದರು, ನಾಲೆಯ ಕಟ್ಟೆ ಒಡೆಯಿತು. ಕಿಟಕಿಯಾಚೆ ಸಾಬರು ಜಗಲಿಗೇ ಬಂದು ನಿಂತಿದ್ದಾರೆಂದು ಆಗಲೇ ಗೊತ್ತಾದದ್ದು. "ಶಾಬಾಸ್" ಎಂದು ಹೇಳಿ, ಬೇರೆಯವರ ಮನೆಯ ಕಿಟಕಿ ಎಂದು ನೆನಪಾಗಿ, ಗಂಟಲು ಸರಿಮಾಡಿಕೊಂಡು ಹೊರಟುಹೋದರು.

ಕತೆ ಮುಗಿಯಿತಲ್ಲ, ನಾಳೆಯಿಂದ ಇವಳನ್ನು ಹಿಡಿದಿಡುವುದು ಹೇಗೆಂದು ನನಗೆ ದಿಗಿಲಾಯಿತು. ಅದಕ್ಕೂ ಅತ್ತೆಯೇ ದಾರಿ ಮಾಡಿಕೊಟ್ಟರು.

"ಗೆದ್ರಾ, ಸರಿ. ಬೆಳಿಗ್ಗೆ ಇಟ್ಟು ಬೀಸೋದು ಯಾತರಲ್ಲಿ?"

ಹಾಗಾಗಿ ಹಡಗು ಮೇಲ್ಗಲ್ಲಿನ ಹಿಂದೆ ಹೊರಟಿತು. ಒಮ್ಮೆ ತಳ್ಳಿದ್ದು ನಿಲ್ಲುವುದಿಲ್ಲ ಎಂಬ ಕಾಯಿದೆಯಿತ್ತಲ್ಲ, ಕಲ್ಲು ಮುಂದೆ, ಇವರು ಪಂಪು ಹೊಡೆಯುತ್ತ ಹಿಂದೆ. ರಾಗಿಯನ್ನು ಬೇಯಿಸಿ ಇಡಿಯಾಗಿಯೇ ತಿನ್ನುತ್ತಿದ್ದರು. ಉಳಿದ ವಾರಗಳೆಲ್ಲ ಅಟ್ಟಿಸಿಕೊಂಡು ಹೋಗುವುದರಲ್ಲಿಯೇ ಕಳೆದವು. ಕಲ್ಲು ಸಿಗುವ ಮುಂಚೆ ಒಂದು ಸಂಜೆ ತಾಯಮ್ಮನಿಗೆ ನೋವು ಬಂತು. ಮನೆಯ ಬುಡ್ಡಿದೀಪಗಳು ಸಾಲದೆಂದು ಮಂಡ್ಯದಿಂದ ಬಂದ ಡಾಕ್ಟರು ಹೇಳಿದ್ದೇ ತಡ, ಬುಡೇನ್ ಸಾಬರು ಯಾವುದಕ್ಕೋ ಎಂದು ಅಡಗಿಸಿಟ್ಟಿದ್ದ ಒಂದು ಬಾಟಲಿ ಎಣ್ಣೆ ಹಾಕಿ, ಹೊಸ ಮ್ಯಾಂಟಲ್ ಕಟ್ಟಿ, ಗ್ಯಾಸ್‌ಲೈಟು ಹೊತ್ತಿಸಿ ಬಾಗಿಲಲ್ಲಿ ನನ್ನ ಕೈಗೆ ಕೊಟ್ಟರು. "ಬಲೆ ಜ್ವಾಕೆ ಕಣಮ್ಮ" ಎಂದರು. ಅದನ್ನು ಒಳಗೆ ತೂಗುಹಾಕುವಷ್ಟರಲ್ಲಿ ನಾನು ಬೆವತುಹೋಗಿದ್ದೆ. ಅವತ್ತು ಅದನ್ನು ಯಾರೂ ಮುಟ್ಟಲಿಲ್ಲ. ನಡುರಾತ್ರಿಯ ಹೊತ್ತಿಗೆ ಮಗು ಅತ್ತಿತು.

ಮುಂಚಿನವು ಉಳಿಯದ ಮನೆಯಲ್ಲಿ ಮಗುವಿಗೆ ಚೆಂದದ ಹೆಸರಿಡುವ ಪದ್ಧತಿಯಿಲ್ಲ. ಕಲ್ಲೋ ಮಣ್ಣೋ ಎನ್ನುವ ಹಾಗಿರಬೇಕು, ಆಗ ನಿಲ್ಲುತ್ತದೆ. ಗುಂಡಮ್ಮ ಎಂದು ಅತ್ತೆ ಕರೆದರು. ಸ್ಕೂಲಿನಲ್ಲಿ ಅವಳು ಸರೋಜ. ಕರೆದರೆ ಓಗೊಡುವುದು ಗುಂಡಮ್ಮ ಎಂದರೇ.

ಈಗ ಅವಳಿಗೆ ಕತೆಯೆಲ್ಲ ಬಾಯಿಪಾಠ. ಕಲ್ಲು ಸಿಕ್ಕಿತೇ ಎಂದು ಕೇಳಿದಾಗಲೆಲ್ಲ ಅವಳಪ್ಪ, "ಇನ್ನೂ ಓಯ್ತಾ ಐತೆ" ಎನ್ನುತ್ತಾನೆ. ಇವತ್ತು ಮೂಲೆಯಲ್ಲಿ ಮೇಲ್ಗಲ್ಲು ಕಾಣದೆ ಅವಳು ಆಕಾಶ ನೋಡಿದ್ದು ಇದಕ್ಕೇ. ಜಗಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ಹೊಸ ಹಲ್ಲಿನ ಮೇಲೆ ಕೈಯಾಡಿಸಿ ನೋಡಿದಳು. ಆದರೂ ಮುಖ ತಿಳಿಯಾಗಲಿಲ್ಲ.

ಸಂಜೆ ಕಲ್ಲನ್ನು ಗೂಟಕ್ಕೆ ಕೂರಿಸಿ, ಕುಟ್ಟಿದ ಪುಡಿ ಹೋಗಲೆಂದು ಮೊದಲು ಒಂದು ಬೊಗಸೆ ತೌಡು ಬೀಸಿ ಹಸುವಿಗೆ ಹಾಕಿ, ಆಮೇಲೆ ಅತ್ತೆ ರಾಗಿಗೆ ಕೂತರು. ಚನ್ನಪ್ಪ ಕೆಲಸದಿಂದ ಬಂದು ಕೈಕಾಲು ತೊಳೆದುಕೊಂಡ. ಗುಂಡಮ್ಮ ಅವನ ಮುಂದೆ ಹೋಗಿ ನಿಂತಳು.

"ಅಪ್ಪ, ಕೆಂಪು ಚುಕ್ಕೆಯೋರೂ ಮುದ್ದೆ ಉಣ್ತಿದ್ರಾ?"

"ಉಣ್ತಿದ್ರು."

"ಅಂಗಾದ್ರೆ ಅವ್ರತ್ರಾನೂ ಬೀಸೋ ಕಲ್ಲಿತ್ತಾ?"

ಚನ್ನಪ್ಪ ಟವಲಿನಲ್ಲಿ ಮುಖ ಒರೆಸಿಕೊಂಡ. ಒರೆಸಿದ ಮುಖವನ್ನೇ ಮತ್ತೆ ಒರೆಸಿಕೊಂಡ. ನಾನು ಎದುರಂಗಡಿಯ ಕಡೆ ನೋಡಿದೆ. ಸಾಬರು ಬಾಗಿಲು ಹಾಕಿಕೊಂಡು ಹೋಗಿದ್ದರು.

"ಇತ್ತು" ಎಂದ.

"ಮತ್ತೆ ಮೊದಲ ದಿನವೇ ಎಸೆದು ನಮ್ಮ ಬಲೆ ಯಾಕೆ ಉದುರಿಸ್ನಿಲ್ಲ? ಯುದ್ಧ ಅವ್ರೇ ಗೆಲ್ತಿದ್ರು."

ಇಷ್ಟು ವರ್ಷದಲ್ಲಿ ಯಾರಿಗೂ ಹೊಳೆಯದಿದ್ದ ಪ್ರಶ್ನೆ. ಹಡಗು, ಬಲೆ, ನಾಲೆ, ಗೆಲುವು ಎಲ್ಲ ಒಂದೇ ಸಲ ನಮ್ಮ ನಡುಮನೆಯಲ್ಲಿ ಬೂದಿಯಾಗಿ ಉದುರಿದವು. ಅಡುಗೆಮನೆಯಲ್ಲಿ ತಾಯಮ್ಮ ಕೋಲಿನಿಂದ ಹಿಟ್ಟು ತೊಳಸುತ್ತಿದ್ದ ಸದ್ದು ಮಾತ್ರ ಹಾಗೆಯೇ ನಡೆದಿತ್ತು.

ಅತ್ತೆ ಬೀಸುವುದನ್ನು ನಿಲ್ಲಿಸದೆ ಹೇಳಿದರು: "ಅವ್ರ ಹಡಗಲ್ಲೂ ಒಬ್ಳು ಅತ್ತೆ ಇದ್ಲು ಕಣೆ ಗುಂಡಿ. ಕೊಡ್ನಿಲ್ಲ. ಎಸೆದ್ಮ್ಯಾಲೆ ಇಟ್ಟು ಯಾತರಲ್ಲಿ ಬೀಸ್ತೀರಿ ಅಂದ್ಲು."

ಗುಂಡಮ್ಮ ಅಜ್ಜಿಯ ಮುಖವನ್ನೂ ಕಲ್ಲನ್ನೂ ನೋಡಿದಳು. "ಆಯ್ತು" ಎಂದಳು, ಥೇಟು ಅವರವ್ವನ ಹಾಗೆ.

ನಾನು ಅಡುಗೆಮನೆಗೆ ಹೋದೆ. ತಾಯಮ್ಮ ತಲೆ ಎತ್ತಲಿಲ್ಲ. ಒಲೆಯ ಬೆಳಕಿನಲ್ಲಿ ಮುದ್ದೆ ಕಟ್ಟುತ್ತಿದ್ದಳು.

"ನಂಗೆ ಅವತ್ತೇ ಗೊತ್ತಿತ್ತು ಕಣಕ್ಕ" ಎಂದಳು.

"ಏನು?"

"ಅವ್ರತ್ರಾನೂ ಕಲ್ಲಿರ್ತದೆ ಅಂತ. ಅತ್ತೆ ಬಾಯಿಬಿಟ್ಟ ತಕ್ಷಣವೇ ಗೊತ್ತಾಯ್ತು."

"ಮತ್ತೆ ಕೇಳ್ಲೇ ಇಲ್ವಲ್ಲೇ?"

"ಕೇಳಿದ್ರೆ ಏಳ್ಬೇಕಾಯ್ತಿತ್ತಲ್ಲ" ಎಂದಳು. ಕೈ ನೀರಿಗೆ ಅದ್ದಿ ಇನ್ನೊಂದು ಮುದ್ದೆ ತಿರುವಿದಳು. "ತಟ್ಟೆ ಹಾಕಕ್ಕ."

ರಾಗಿಮುದ್ದೆ, ಅವರೆಕಾಳಿನ ಸಾರು, ಚೊಂಬಿಗೆ ಬಿದ್ದಷ್ಟು ಹಾಲಿನ ಮಜ್ಜಿಗೆ. ಹಿಟ್ಟಿನಲ್ಲಿ ಕಲ್ಲಿನ ಪುಡಿ ಹಲ್ಲಿಗೆ ಸಿಕ್ಕಿತೆಂದು ಅತ್ತೆ ಹೇಳಿದರು. ಆದರೂ ಇನ್ನೊಂದು ಅರ್ಧ ಮುದ್ದೆ ಹಾಕಿಸಿಕೊಂಡರು. ದಿನವೂ ಮೊದಲು ಮಲಗುವವರು ಅವರೇ. ಇವತ್ತು ಮಾತ್ರ ನಾನು ಪಾತ್ರೆ ತೊಳೆದು ಒಳಗೆ ಬರುವಷ್ಟರಲ್ಲಿ ತಾಯಮ್ಮ ನಡುಮನೆಯಲ್ಲಿ ಬರೀ ಚಾಪೆಯ ಮೇಲೆ, ಮಗಳ ಪಕ್ಕ, ಎಲ್ಲರಿಗಿಂತ ಮುಂಚೆ ಮಲಗಿಬಿಟ್ಟಿದ್ದಳು. ಗುಂಡಮ್ಮ ಇನ್ನೂ ಕಣ್ಣು ಬಿಟ್ಟುಕೊಂಡು ಸೂರು ನೋಡುತ್ತಿದ್ದಳು.